ಬಲೆ ಸರಿಮಾಡುವ ಕೈಗಳು



ದತ್ತಿ ಇಡುವುದೆಂದರೆ ತಾವು ಕಾಣದ ನಾಳೆಗಾಗಿ ಇಂದಿನ ದುಡಿಮೆಯಲ್ಲೊಂದು ಪಾಲು ಎತ್ತಿಡುವುದು. ಈ ಉಪನ್ಯಾಸದ ದತ್ತಿ ಯಾರ ನೆನಪಿನಲ್ಲಿದೆಯೋ ಅವರು ಎಂದೂ ಪ್ರಸಂಗಪೀಠ ಏರಿದವರಲ್ಲ. ವಾರದ ದಿನಗಳಲ್ಲಿ ಹಳ್ಳಿಯ ಶಾಲೆಯಲ್ಲಿ ಮಗ್ಗಿ ಕಲಿಸಿದರು, ಭಾನುವಾರ ಮಕ್ಕಳಿಗೆ ಬೈಬಲಿನ ಕಥೆ ಹೇಳಿದರು, ಸಂಜೆ ಹೊತ್ತು ಓದುಬಾರದವರ ಕಾಗದಪತ್ರ ಬರೆದುಕೊಟ್ಟರು. ಅಂಥವರ ಹೆಸರಿನಲ್ಲಿ ಮಾತಾಡುವಾಗ ಬೇರೆ ವಿಷಯ ಹುಡುಕಬೇಕೆಂದು ನನಗೆ ಅನಿಸಲಿಲ್ಲ. ಸಭೆಯ ನಾಯಕರು ಸಾಮಾನ್ಯ ವಿಶ್ವಾಸಿಗಳನ್ನು ಪರರ ಸೇವೆಗೆ ಅಣಿಗೊಳಿಸುವುದು ಹೇಗೆ ಎಂಬುದೇ ಇಂದಿನ ನನ್ನ ವಿಷಯ. ಮೂವತ್ತಕ್ಕೂ ಹೆಚ್ಚು ವರ್ಷ ಸಭಾಪಾಲನೆ ಮಾಡಿ ನಿವೃತ್ತನಾದವನ ಅನುಭವವೂ ಇದರಲ್ಲಿದೆ, ತಡವಾಗಿ ಕಲಿತವನ ಪಶ್ಚಾತ್ತಾಪವೂ ಇದೆ.

ಮೂರು ಬೆಂಚಿನ ಅಂತರ

ನಾನು ಸಭಾಪಾಲನೆಗೆ ಬಂದ ಹೊಸತು. ಕರಾವಳಿಯ ಸಣ್ಣ ಸಭೆ. ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿದ್ದ ಒಬ್ಬ ಅಜ್ಜಿಯ ಮನೆಗೆ ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಒಂದು ಕೀರ್ತನೆ ಓದಿ, ಪ್ರಾರ್ಥನೆ ಮಾಡಿ, ಮನೆಯವರು ಕೊಟ್ಟ ಚಹಾ ಕುಡಿದು ಎದ್ದರೆ ಹದಿನೈದು ನಿಮಿಷ. ಡೈರಿಯಲ್ಲಿ ಅವರ ಹೆಸರಿನ ಮುಂದೆ ಒಂದು ಗುರುತು ಹಾಕಿಕೊಂಡರೆ ಆ ತಿಂಗಳ ಭೇಟಿ ಮುಗಿಯಿತು.

ಒಂದು ದಿನ ಹೊತ್ತಲ್ಲದ ಹೊತ್ತಿನಲ್ಲಿ ಹೋದೆ. ನಮ್ಮದೇ ಸಭೆಯ, ಬೀಡಿ ಕಟ್ಟಿ ಜೀವನ ಮಾಡುವ ಒಬ್ಬ ಹೆಂಗಸು ಅಲ್ಲಿದ್ದರು. ಪಕ್ಕದಲ್ಲಿ ಬೋಗುಣಿಯಲ್ಲಿ ಬಿಸಿನೀರು, ಹೆಗಲ ಮೇಲೆ ಹಳೆಯ ಬೈರಾಸು. ಅಜ್ಜಿಯನ್ನು ಮೆಲ್ಲಗೆ ಮಗ್ಗುಲಿಗೆ ಹೊರಳಿಸಿ ಬೆನ್ನು ಒರೆಸುತ್ತಿದ್ದರು. ಸೊಂಟದ ಕೆಳಗೆ ಚರ್ಮ ಕೆಂಪಾಗಿದ್ದ ಕಡೆ ತೆಂಗಿನೆಣ್ಣೆ ಹಚ್ಚಿ ಬೆರಳೊತ್ತಿ ತಿಕ್ಕಿದರು. ಅಜ್ಜಿ ನೋವಿಗೆ ಕಣ್ಣು ಮುಚ್ಚಿಕೊಂಡರು. ಆದರೂ ಆ ಕೈಯನ್ನು ಬಿಡಲಿಲ್ಲ.

“ಯಾವಾಗಿನಿಂದ ಬರುತ್ತಿದ್ದೀರಿ ಅಕ್ಕಾ?” ಎಂದು ಕೇಳಿದೆ.

“ಎರಡು ವರ್ಷ ಆಯಿತು ಅಯ್ಯನವರೇ. ಬ್ರಾಂಚಿಗೆ ಬೀಡಿ ಕೊಟ್ಟು ಬರುವ ದಾರಿಯಲ್ಲೇ ಅಲ್ಲವಾ ಮನೆ.”

“ಅಜ್ಜಿಯೊಟ್ಟಿಗೆ ಪ್ರಾರ್ಥನೆ ಮಾಡುತ್ತೀರಾ?”

ಅವರು ನಾಚಿ ಕೈ ಹಿಂದಕ್ಕೆ ಎಳೆದುಕೊಂಡರು. “ಅದು ನಿಮ್ಮ ಕೆಲಸ ಅಲ್ಲವಾ ಅಯ್ಯನವರೇ? ಅಜ್ಜಿ ಕೇಳುತ್ತಾರೆ. ನನಗೆಲ್ಲಿ ಬರುತ್ತದೆ? ಸುಮ್ಮನೆ ಕೈ ಹಿಡಿದು ಕೂತಿರುತ್ತೇನೆ.”

ಆ ವಾರ ಅದೇ ಸಭೆಯ ಒಬ್ಬ ನರ್ಸಿಗೆ ಈ ಮಾತು ಹೇಳಿದೆ. ಅವರು ಗಾಬರಿಯಾದರು. ಕೆಂಪಾದ ಚರ್ಮವನ್ನು ತಿಕ್ಕಿದರೆ ಒಳಗಿನ ಮಾಂಸಕ್ಕೆ ಇನ್ನಷ್ಟು ಪೆಟ್ಟಾಗುತ್ತದೆ, ಹಾಸಿಗೆ ಹುಣ್ಣಿನ ಮೊದಲ ಗುರುತೇ ಆ ಕೆಂಪು, ಅಲ್ಲಿ ಭಾರ ಬೀಳದ ಹಾಗೆ ಆಗಾಗ ಮಗ್ಗುಲು ಬದಲಿಸಬೇಕು ಎಂದರು. ಈ ಇಬ್ಬರೂ ಪ್ರತಿ ಭಾನುವಾರ ಒಂದೇ ದೇವಾಲಯದಲ್ಲಿ ಮೂರು ಬೆಂಚಿನ ಅಂತರದಲ್ಲಿ ಕೂರುತ್ತಿದ್ದರು. ಒಬ್ಬರಲ್ಲಿ ಪ್ರೀತಿ ಇತ್ತು, ತಿಳಿವಳಿಕೆ ಇರಲಿಲ್ಲ. ಇನ್ನೊಬ್ಬರಲ್ಲಿ ತಿಳಿವಳಿಕೆ ಇತ್ತು, ಆ ಮನೆಯ ದಾರಿ ಗೊತ್ತಿರಲಿಲ್ಲ. ಅವರಿಬ್ಬರನ್ನು ಕೂಡಿಸಬೇಕಾದವನು ನಾನು. ಎರಡು ವರ್ಷ ಆ ಕೆಲಸ ಬಿಟ್ಟು ಡೈರಿಯಲ್ಲಿ ಗುರುತು ಹಾಕುತ್ತಿದ್ದೆ. ಅಜ್ಜಿಯ ಬೆನ್ನಿನ ಆ ಹುಣ್ಣಿನಲ್ಲಿ ನನ್ನ ಪಾಲೂ ಇದೆಯೆಂದು ಇವತ್ತಿಗೂ ನಂಬುತ್ತೇನೆ.

ಒಂದು ಗ್ರೀಕ್ ಪದ, ಒಂದು ಹರಿದ ಬಲೆ

ಎಫೆಸದವರಿಗೆ ಬರೆದ ಪತ್ರಿಕೆಯ ನಾಲ್ಕನೆಯ ಅಧ್ಯಾಯದಲ್ಲಿ ಅಪೊಸ್ತಲರು, ಪ್ರವಾದಿಗಳು, ಸುವಾರ್ತಿಕರು, ಸಭಾಪಾಲಕರು, ಉಪದೇಶಕರು ಯಾತಕ್ಕಾಗಿ ಎಂಬ ಪ್ರಶ್ನೆಗೆ ಉತ್ತರವಿದೆ. ದೇವಜನರನ್ನು ಸೇವೆಯ ಕೆಲಸಕ್ಕೆ ಸಿದ್ಧಗೊಳಿಸುವುದಕ್ಕಾಗಿ ಕ್ರಿಸ್ತನು ಅವರನ್ನು ಕೊಟ್ಟನೆಂಬುದು ಅದರ ತಾತ್ಪರ್ಯ. 1611ರ ಇಂಗ್ಲಿಷ್ ಬೈಬಲಿನಲ್ಲಿ ದೇವಜನರ ಮಾತು ಮುಗಿದ ಕಡೆ ಒಂದು ಅಲ್ಪವಿರಾಮ ಬಿತ್ತು. ಮೂಲ ಗ್ರೀಕ್ ಹಸ್ತಪ್ರತಿಗಳಲ್ಲಿ ಅಂಥ ಚಿಹ್ನೆಗಳಿರಲಿಲ್ಲ. ಆ ಅಲ್ಪವಿರಾಮ ಇಟ್ಟು ಓದಿದರೆ ಜನರನ್ನು ಸುಧಾರಿಸುವುದೂ ಸೇವೆ ಮಾಡುವುದೂ ಎರಡೂ ಪಾದ್ರಿಗಳ ಕೆಲಸವಾಗಿಬಿಡುತ್ತದೆ. ತೆಗೆದು ಓದಿದರೆ ಸೇವೆ ಜನರದ್ದು, ಜನರನ್ನು ಸಿದ್ಧಗೊಳಿಸುವುದು ನಾಯಕರದ್ದು. ನಮ್ಮ ಅನೇಕ ಸಭೆಗಳು ಇಂದಿಗೂ ಆ ಅಲ್ಪವಿರಾಮವನ್ನು ಇಟ್ಟುಕೊಂಡೇ ಬದುಕುತ್ತಿವೆ.

ಸಿದ್ಧಗೊಳಿಸುವುದು ಎಂಬಲ್ಲಿ ಪೌಲನ ಪತ್ರಿಕೆಯಲ್ಲಿರುವ ಪದ ‘ಕತರ್ತಿಸ್ಮೊಸ್’. ಗ್ರೀಕ್ ವೈದ್ಯರು ಕೀಲು ತಪ್ಪಿದ ಎಲುಬನ್ನು ಅದರ ಜಾಗಕ್ಕೆ ಕೂರಿಸುವುದಕ್ಕೆ ಇದೇ ಪದ ಬಳಸುತ್ತಿದ್ದರು. ಮಾರ್ಕನ ಸುವಾರ್ತೆಯ ಮೊದಲನೆಯ ಅಧ್ಯಾಯದಲ್ಲಿ ಜೆಬೆದಾಯನ ಮಕ್ಕಳಾದ ಯಾಕೋಬ ಮತ್ತು ಯೋಹಾನರು ದೋಣಿಯಲ್ಲಿ ಕೂತು ಬಲೆ ಸರಿಮಾಡುತ್ತಿದ್ದರಲ್ಲ, ಅಲ್ಲಿರುವುದೂ ಇದೇ ಧಾತುವಿನ ಕ್ರಿಯಾಪದ.

ಮಲ್ಪೆಯಲ್ಲೋ ಉಳ್ಳಾಲದಲ್ಲೋ ಮಳೆಗಾಲದಲ್ಲಿ ಓಡಾಡಿದವರಿಗೆ ಈ ಚಿತ್ರ ಗೊತ್ತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಶೆಡ್ಡಿನ ನೆಲದ ಮೇಲೆ ಬಲೆ ಹರಡಿಕೊಳ್ಳುತ್ತದೆ. ಮೀನುಗಾರ ಕಾಲ್ಬೆರಳಿಗೆ ಬಲೆಯ ಅಂಚು ಸಿಕ್ಕಿಸಿ ಬಿಗಿಹಿಡಿಯುತ್ತಾನೆ, ಹರಿದ ಕಣ್ಣಿನ ತುದಿಗಳನ್ನು ಹುಡುಕುತ್ತಾನೆ, ನೂಲು ಸುತ್ತಿದ ಸೂಜಿಯಿಂದ ಒಂದೊಂದೇ ಗಂಟು ಹಾಕುತ್ತಾನೆ. ಇದ್ದ ಬಲೆಯನ್ನು ಬಿಸಾಡಿ ಹೊಸದನ್ನು ತರುವ ಮಾತೇ ಅಲ್ಲಿಲ್ಲ. ನೂಲು ಇದೆ. ನೂಲಿಗೂ ನೂಲಿಗೂ ನಡುವಿನ ಗಂಟು ಬಿಚ್ಚಿಹೋಗಿದೆ, ಅಷ್ಟೇ.

ಇಂದು ನಾನು ಹೇಳಬೇಕೆಂದಿರುವುದು ಇದೊಂದೇ ಮಾತು. ಸಭೆಯಲ್ಲಿ ನೂಲು ಬೇಕಾದಷ್ಟಿದೆ. ಪ್ರೀತಿ ಇದೆ, ಕಸುಬು ಇದೆ, ಬಿಡುವು ಇದೆ, ಅನುಭವ ಇದೆ. ಗಂಟು ಹಾಕುವುದು ನಾಯಕನ ಕೆಲಸ. ಸರಿಯಾದ ಬಲೆಯನ್ನು ಕಡಲಿಗೆ ಬೀಸುವುದು ಎಲ್ಲರ ಕೆಲಸ.

ಎರಡು ಸಾವಿರದ ಆರುನೂರು ಪ್ರಸಂಗಗಳು

ನಮ್ಮಲ್ಲಿ ಒಬ್ಬ ಸಾಮಾನ್ಯ ಕ್ರೈಸ್ತನ ಕಲಿಕೆ ಎಲ್ಲಿಗೆ ನಿಲ್ಲುತ್ತದೆ? ಬಹುಪಾಲು ಜನರಿಗೆ ದೃಢೀಕರಣದ ತರಗತಿಯೇ ಕೊನೆ. ಹತ್ತು ಆಜ್ಞೆ, ವಿಶ್ವಾಸಪ್ರಮಾಣ, ಕರ್ತನ ಪ್ರಾರ್ಥನೆ ಬಾಯಿಪಾಠ ಒಪ್ಪಿಸಿ, ಬಿಳಿ ಬಟ್ಟೆ ತೊಟ್ಟು ಕರ್ತನ ಭೋಜನದಲ್ಲಿ ಪಾಲು ತೆಗೆದುಕೊಂಡ ದಿನ ಪುಸ್ತಕ ಮುಚ್ಚಿತು. ಆಮೇಲೆ ಐವತ್ತು ವರ್ಷ, ವರ್ಷಕ್ಕೆ 52 ಭಾನುವಾರದಂತೆ, ತಪ್ಪದೆ ಬಂದವರು 2,600 ಪ್ರಸಂಗ ಕೇಳುತ್ತಾರೆ. ರೋಗಿಯ ಹಾಸಿಗೆಯ ಪಕ್ಕ ಹೇಗೆ ಕೂರಬೇಕು, ಸಾವಾದ ಮನೆಯಲ್ಲಿ ಯಾವ ಮಾತು ಆಡಬಾರದು, ಕುಡಿತಕ್ಕೆ ಬಿದ್ದ ನೆರೆಯವನೊಂದಿಗೆ ಹೇಗೆ ಮಾತು ಶುರುಮಾಡಬೇಕು ಎಂದು ಅವರಿಗೆ ಯಾರಾದರೂ ಒಮ್ಮೆಯಾದರೂ ತೋರಿಸಿಕೊಟ್ಟರೇ? ನಾನಂತೂ ಮೊದಲ ವರ್ಷಗಳಲ್ಲಿ ತೋರಿಸಲಿಲ್ಲ. ಪ್ರಸಂಗವನ್ನು ನಾನು ಹಗುರಮಾಡುತ್ತಿಲ್ಲ. ಈಜಿನ ವಿಷಯ 2,600 ಸಲ ಕೇಳಿದವನು ನೀರಿಗಿಳಿಯದೆ ಈಜು ಕಲಿಯುವುದಿಲ್ಲ ಎನ್ನುತ್ತಿದ್ದೇನೆ.

ಇದಕ್ಕೆ ನಮ್ಮ ಚರಿತ್ರೆಯಲ್ಲೂ ಕಾರಣಗಳಿವೆ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1841ರಲ್ಲಿ ಮುದ್ರಣಾಲಯ, 1843ರಲ್ಲಿ ಹೆರ್ಮನ್ ಮೋಗ್ಲಿಂಗರ ‘ಮಂಗಳೂರ ಸಮಾಚಾರ’, 1847ರಲ್ಲಿ ಬಲ್ಮಠದ ದೇವಶಾಸ್ತ್ರದ ಶಾಲೆ, 1865ರಲ್ಲಿ ಪ್ಲೆಬ್‌ಸ್ಟರ ಹೆಂಚಿನ ಕಾರ್ಖಾನೆ. ಜಾತಿಯಿಂದ ಹೊರಬಿದ್ದು ಅನ್ನದ ದಾರಿ ಕಳೆದುಕೊಂಡವರಿಗೆ ನೇಯ್ಗೆ ಮತ್ತು ಹೆಂಚಿನ ಕಾರ್ಖಾನೆಗಳು ಬದುಕು ಕೊಟ್ಟವು. ಆ ಉಪಕಾರವನ್ನು ಮರೆಯುವಷ್ಟು ಕೃತಘ್ನರು ನಾವಾಗಬಾರದು. ಆದರೆ ಅದರ ಜೊತೆಗೇ ಒಂದು ಅಭ್ಯಾಸವೂ ಬೆಳೆಯಿತು. ಶಾಲೆ ಮಿಷನ್ನಿನದು, ಔಷಧ ಮಿಷನ್ನಿನದು, ಉಪದೇಶಿಯ ಸಂಬಳ ಮಿಷನ್ನಿನದು. ಸೇವೆ ಎಂದರೆ ಸಂಬಳ ಪಡೆಯುವವರು ಮಾಡುವ ಕೆಲಸ, ನಮ್ಮ ಪಾಲಿನದು ಹೋಗಿ ಕೂತು ಕೇಳುವುದು ಎಂದು ಮನಸ್ಸು ಒಗ್ಗಿತು. ಬೀಡಿ ಕಟ್ಟುವ ಆ ಅಕ್ಕ ಪ್ರಾರ್ಥನೆ ನನ್ನ ಕೆಲಸ ಎಂದಾಗ ಮಾತಾಡಿದ್ದು ಅವರೊಬ್ಬರೇ ಅಲ್ಲ, ನೂರೈವತ್ತು ವರ್ಷದ ಅಭ್ಯಾಸ.

ಅದೇ ಚರಿತ್ರೆ ಇನ್ನೊಂದು ಪಾಠವನ್ನೂ ಇಟ್ಟುಕೊಂಡಿದೆ. ಒಂದನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟು, ಆಮೇಲೆ ಅವರ ದೇಶಕ್ಕೆ ಕಳಿಸಿಬಿಟ್ಟಿತು. ಕಾರ್ಖಾನೆಗಳು ಕೈಬಿಟ್ಟುಹೋದವು. ಅಷ್ಟು ವರ್ಷ ಮುಂದೆ ನಿಂತಿದ್ದವರು ಇದ್ದಕ್ಕಿದ್ದಂತೆ ಇಲ್ಲವಾದರು. ಆದರೂ ಭಾನುವಾರದ ಗಂಟೆ ಬಾರಿಸಿತು. ಊರಿನ ಸಭಾಪಾಲಕರು, ಉಪದೇಶಿಗಳು, ಶಾಲಾ ಮಾಸ್ತರರು, ಮನೆಮನೆಗೆ ಹೋಗುತ್ತಿದ್ದ ಬೈಬಲ್ ಹೆಂಗಸರು, ಸಭಾ ಹಿರಿಯರು ಸಭೆಯನ್ನು ಎತ್ತಿ ಹಿಡಿದರು. ಎಲ್ಲಿ ಗಂಟುಗಳನ್ನು ಮೊದಲೇ ಭದ್ರವಾಗಿ ಹಾಕಿದ್ದರೋ ಅಲ್ಲಿ ಬಲೆ ನಿಂತಿತು. ನಾಯಕನ ಕೆಲಸವನ್ನು ಅಳೆಯಲು ನನಗೆ ಗೊತ್ತಿರುವ ಅಳತೆಗೋಲು ಇದೊಂದೇ: ಅವನಿಲ್ಲದ ದಿನ ಏನು ನಡೆಯುತ್ತದೆ?

ಇತ್ರೋನನ ಬುದ್ಧಿವಾದ, ಏಳು ಗ್ರೀಕ್ ಹೆಸರುಗಳು

ವಿಮೋಚನಕಾಂಡದ ಹದಿನೆಂಟನೆಯ ಅಧ್ಯಾಯವನ್ನು ನಾವು ಕೆಲಸ ಹಂಚುವ ಪಾಠವೆಂದು ಓದುತ್ತೇವೆ. ಮೋಶೆ ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕೂತು ನ್ಯಾಯ ತೀರಿಸುತ್ತಿದ್ದ. ಮಾವನಾದ ಇತ್ರೋನನು ಅದನ್ನು ನೋಡಿ, ಹೀಗಾದರೆ ನೀನೂ ಸೋತುಹೋಗುತ್ತೀ, ಜನರೂ ಸೋತುಹೋಗುತ್ತಾರೆ ಎಂದು ಎಚ್ಚರಿಸಿದ. ಸಾವಿರ ಮಂದಿಗೆ, ನೂರು ಮಂದಿಗೆ, ಐವತ್ತು ಮಂದಿಗೆ, ಹತ್ತು ಮಂದಿಗೆ ಒಬ್ಬೊಬ್ಬ ಮುಖಂಡನನ್ನು ನೇಮಿಸಲು ಹೇಳಿದ. ಇಷ್ಟು ಎಲ್ಲರಿಗೂ ನೆನಪಿದೆ. ಅದಕ್ಕೆ ಮುಂಚೆ ಅವನು ಹೇಳಿದ ಮಾತನ್ನು ದಾಟಿಬಿಡುತ್ತೇವೆ: ಮೊದಲು ಜನರಿಗೆ ಕಲಿಸು, ನಡೆಯಬೇಕಾದ ದಾರಿಯನ್ನೂ ಮಾಡಬೇಕಾದ ಕೆಲಸವನ್ನೂ ತೋರಿಸಿಕೊಡು. ಕಲಿಸದೆ ಹಂಚುವುದು ಹೊರೆಯನ್ನು ಒಬ್ಬನ ಬೆನ್ನಿನಿಂದ ಇನ್ನೊಬ್ಬನ ಬೆನ್ನಿಗೆ ವರ್ಗಾಯಿಸಿದಂತೆ. ವರ್ಷದ ಮಹಾಸಭೆಯಲ್ಲಿ ಸಮಿತಿಗೆ ಹೆಸರು ಬರೆದುಕೊಂಡು, ಮುಂದಿನ ಮಹಾಸಭೆಯವರೆಗೆ ಅವರ ಮುಖ ನೋಡದೆ ಇರುವುದು ಎಷ್ಟು ಸಭೆಗಳಲ್ಲಿ ನಡೆಯುತ್ತಿಲ್ಲ?

ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯ ಇನ್ನೂ ಆಳಕ್ಕೆ ಹೋಗುತ್ತದೆ. ಯೆರೂಸಲೇಮಿನ ಸಭೆಯಲ್ಲಿ ಗ್ರೀಕ್ ಭಾಷೆಯವರ ವಿಧವೆಯರಿಗೆ ದಿನದ ಊಟ ಸರಿಯಾಗಿ ಮುಟ್ಟುತ್ತಿರಲಿಲ್ಲ. ಗೊಣಗಾಟ ಎದ್ದಿತು. ಅಪೊಸ್ತಲರು ಗೊಣಗಿದವರ ಬಾಯಿ ಮುಚ್ಚಿಸಲಿಲ್ಲ, ತಾವೇ ಹೋಗಿ ಬಡಿಸಲೂ ಇಲ್ಲ. ಆರಿಸುವ ಅಧಿಕಾರವನ್ನು ಸಭೆಗೇ ಬಿಟ್ಟರು. ಸಭೆ ಆರಿಸಿದ ಏಳು ಮಂದಿಯ ಹೆಸರು ಓದಿ ನೋಡಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ಯಾರ ಕಡೆಯಿಂದ ದೂರು ಬಂದಿತ್ತೋ ಆ ಕಡೆಯವರ ಕೈಗೇ ಸಭೆ ಬಡಿಸುವ ಸೌಟು ಕೊಟ್ಟಿತೆಂದು ಆ ಪಟ್ಟಿ ಹೇಳುವಂತಿದೆ. ಅಪೊಸ್ತಲರು ಅವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಅನ್ನ ಬಡಿಸುವ ಕೆಲಸಕ್ಕೂ ಹಸ್ತಾರ್ಪಣೆಯ ಗೌರವ ಸಿಕ್ಕಿತು.

ನಮ್ಮ ಸಭೆಗಳಲ್ಲಿ ಯಾರು ಸೇವೆ ಮಾಡುವವರು, ಯಾರು ಮಾಡಿಸಿಕೊಳ್ಳುವವರು ಎಂಬ ಸಾಲು ಬಹಳ ಬೇಗ ಬೀಳುತ್ತದೆ. ಓದಿದವರು ಕೊಡುವವರು, ಓದದವರು ತೆಗೆದುಕೊಳ್ಳುವವರು. ಹಳೆಯ ಮನೆತನದವರು ಹಿರಿಯರಾಗುತ್ತಾರೆ, ಹೊಸದಾಗಿ ಬಂದವರು ಹಿಂದಿನ ಬೆಂಚಿನಲ್ಲೇ ಉಳಿಯುತ್ತಾರೆ. ಜಾತಿಯನ್ನು ಬಾಗಿಲಲ್ಲೇ ಬಿಟ್ಟು ಬಂದೆವೆಂದು ಹೇಳುತ್ತೇವೆ. ಸೇವೆಯ ಪಟ್ಟಿಯಲ್ಲಿ ಅದರ ನೆರಳು ಎಲ್ಲಿ ಬಿದ್ದಿದೆಯೆಂದು ನಾಯಕ ಕಣ್ಣಿಟ್ಟು ನೋಡಬೇಕು. ಯಾರಿಗೆ ಅಕ್ಕಿ ಕೊಡುತ್ತಿದ್ದೇವೋ ಅವರ ಬಳಿ ನಮಗೆ ಬೇಕಾದದ್ದು ಏನಿದೆ ಎಂದು ಕೇಳದ ಸಭೆಯಲ್ಲಿ ಬಲೆಯ ಒಂದು ಬದಿ ಯಾವಾಗಲೂ ಹರಿದೇ ಇರುತ್ತದೆ.

ಬ್ರಿಸ್ಟಲ್‌ನ ಒಂದು ಪೆನ್ನಿ

1742ರ ಫೆಬ್ರವರಿ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜಾನ್ ವೆಸ್ಲಿಯ ಅನುಯಾಯಿಗಳು ಕಟ್ಟಿದ್ದ ಸಭಾಗೃಹದ ಮೇಲೆ ಸಾಲ ಇತ್ತು. ಸಾಲ ತೀರಿಸುವ ದಾರಿ ಹುಡುಕಲು ಸೇರಿದ್ದಾಗ ಫಾಯ್ ಎಂಬ ಹಡಗಿನ ಕ್ಯಾಪ್ಟನ್ ಒಂದು ಸಲಹೆ ಕೊಟ್ಟ. ಪ್ರತಿಯೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡಲಿ. ಬಡವರಿಗೆ ಅದೂ ಆಗದು ಎಂದು ಯಾರೋ ಅಂದರು. ಹಾಗಾದರೆ ಅತಿ ಬಡವರಾದ ಹನ್ನೊಂದು ಮಂದಿಯನ್ನು ನನ್ನ ಪಾಲಿಗೆ ಬಿಡಿ, ವಾರವಾರ ಅವರ ಮನೆಗೆ ಹೋಗುತ್ತೇನೆ, ಕೊಟ್ಟರೆ ಸರಿ, ಕೊಡದಿದ್ದರೆ ಅವರ ಪಾಲನ್ನೂ ನಾನೇ ಹಾಕುತ್ತೇನೆ ಎಂದನಂತೆ. ಬೇರೆಯವರೂ ಹಾಗೆಯೇ ತಮ್ಮ ಪಾಲಿನ ಮನೆಗಳನ್ನು ಒಪ್ಪಿಕೊಂಡರು.

ಪೆನ್ನಿ ಕೇಳಲು ಹೋದವರ ಕಣ್ಣಿಗೆ ಬೇರೆಯದೇ ಬಿತ್ತು. ಒಂದು ಮನೆಯಲ್ಲಿ ಕುಡಿತ, ಇನ್ನೊಂದರಲ್ಲಿ ಗಂಡಹೆಂಡಿರ ಜಗಳ, ಮತ್ತೊಂದರಲ್ಲಿ ಕಾಯಿಲೆ. ಅವರು ಬಂದು ವೆಸ್ಲಿಗೆ ಹೇಳಿದರು. ಬಹಳ ಕಾಲದಿಂದ ಹುಡುಕುತ್ತಿದ್ದ ದಾರಿ ಇದೇ ಎಂದು ವೆಸ್ಲಿಗೆ ಹೊಳೆಯಿತು. ಹಣ ಎತ್ತುವ ಏರ್ಪಾಡು ಆತ್ಮಗಳನ್ನು ಕಾಯುವ ಏರ್ಪಾಡಾಯಿತು. ಸುಮಾರು ಹನ್ನೆರಡು ಮಂದಿಗೆ ಒಂದು ‘ಕ್ಲಾಸ್’, ಅದಕ್ಕೊಬ್ಬ ಲೀಡರ್. ಅಂಗಡಿಯವರು, ಕೈಕಸುಬಿನವರು, ಹೆಂಗಸರು ಲೀಡರುಗಳಾದರು. 1820ರ ದಶಕದಲ್ಲಿ ಬೆಂಗಳೂರಿಗೆ ಬಂದು ಮೈಸೂರು ಸೀಮೆಯಲ್ಲಿ ಹಬ್ಬಿದ ವೆಸ್ಲಿಯನ್ ಮಿಷನ್ ಈ ಪರಂಪರೆಯದೇ.

ಈ ಕಥೆಯಲ್ಲಿ ಹನ್ನೆರಡರ ಲೆಕ್ಕಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಲೀಡರುಗಳು ವಾರಕ್ಕೊಮ್ಮೆ ತಮ್ಮ ಪಾದ್ರಿಯೆದುರು ಕೂರುತ್ತಿದ್ದರು. ಯಾರಿಗೆ ಹುಷಾರಿಲ್ಲ, ಯಾರು ದಾರಿ ತಪ್ಪುತ್ತಿದ್ದಾರೆ, ತನಗೆ ಉತ್ತರ ತೋಚದ ಪ್ರಶ್ನೆ ಯಾವುದು ಎಂದು ಹೇಳಿಕೊಳ್ಳುತ್ತಿದ್ದರು. ಕಳಿಸುವುದರ ಜೊತೆಗೆ ಮರಳಿ ಬಂದವರ ಮಾತು ಕೇಳುವುದೂ ಏರ್ಪಾಡಿನಲ್ಲೇ ಇತ್ತು. ಯೇಸುವೂ ಹೀಗೆಯೇ ಮಾಡಿದನು. ಶಿಷ್ಯರನ್ನು ಇಬ್ಬಿಬ್ಬರಾಗಿ ಕಳಿಸಿದನು. ಅವರು ಬಂದು ಮಾಡಿದ್ದನ್ನೂ ಬೋಧಿಸಿದ್ದನ್ನೂ ತಿಳಿಸಿದಾಗ, ಜನಜಂಗುಳಿಯಿಂದ ಆಚೆ ಸ್ವಲ್ಪ ದಣಿವಾರಿಸಿಕೊಳ್ಳಲು ಕರೆದನು. ಜೊತೆಗೊಬ್ಬರು, ಹೇಳಿಕೊಳ್ಳಲೊಂದು ಜಾಗ, ಆಮೇಲೆ ವಿಶ್ರಾಂತಿ. ಈ ಮೂರರಲ್ಲಿ ಒಂದು ತಪ್ಪಿದರೂ ಒಳ್ಳೆಯ ಮನಸ್ಸಿನವರು ಎರಡು ವರ್ಷದಲ್ಲಿ ಸುಸ್ತಾಗಿ ಹಿಂದೆ ಸರಿಯುತ್ತಾರೆ.

ಆರು ಸಂಜೆಗಳು

ಆ ಅಜ್ಜಿಯ ಮನೆಯಲ್ಲಿ ನನ್ನ ಕಣ್ಣು ತೆರೆದ ಮೇಲೆ ನಾವು ಮಾಡಿದ್ದು ದೊಡ್ಡ ಯೋಜನೆಯೇನಲ್ಲ. ದೇವಾಲಯದ ಪಕ್ಕದ ಕೋಣೆಯಲ್ಲಿ ಆರು ಬುಧವಾರ ಸಂಜೆ ಸೇರಿದೆವು. ಮೊದಲ ದಿನ ಒಂಬತ್ತು ಮಂದಿ. ನರ್ಸ್ ಒಂದು ಮಂಚ ಹಾಕಿಸಿ, ನಮ್ಮಲ್ಲೇ ಒಬ್ಬರನ್ನು ಮಲಗಿಸಿ ತೋರಿಸಿದರು. ಮೊದಲು ಕೈ ತೊಳೆಯುವುದು. ಮುಟ್ಟುವ ಮುಂಚೆ ರೋಗಿಗೆ ಹೇಳುವುದು. ಏಳಲಾರದವರ ಮಗ್ಗುಲನ್ನು ಎರಡು ಗಂಟೆಗೊಮ್ಮೆ ಬದಲಿಸುವುದು. ಹಿಮ್ಮಡಿ, ಸೊಂಟದ ಕೆಳಭಾಗ, ಹೆಗಲ ಮೂಳೆಯ ಮೇಲೆ ಚರ್ಮ ಕೆಂಪಾಗಿದೆಯೇ ಎಂದು ದಿನವೂ ನೋಡುವುದು, ಕೆಂಪಾದಲ್ಲಿ ತಿಕ್ಕದಿರುವುದು. ಬೀಡಿ ಕಟ್ಟುವ ಅಕ್ಕ ಅದನ್ನು ಕೇಳಿ ಅತ್ತುಬಿಟ್ಟರು. ನರ್ಸ್ ಅವರ ಪಕ್ಕ ಬಂದು ಕೂತು, “ಎರಡು ವರ್ಷ ನೀವು ಹೋಗದೆ ಇದ್ದಿದ್ದರೆ ಅಜ್ಜಿ ಇವತ್ತು ಇರುತ್ತಿರಲಿಲ್ಲ” ಎಂದರು. ಒಂದು ಗಂಟು ಬಿದ್ದದ್ದನ್ನು ಅಂದು ನಾನು ಕಣ್ಣಾರೆ ಕಂಡೆ.

ಆಮೇಲಿನ ಸಂಜೆಗಳಲ್ಲಿ ಕೇಳಿಸಿಕೊಳ್ಳುವುದನ್ನು ಕಲಿತೆವು. ನಿಂತು ಮಾತಾಡದೆ ರೋಗಿಯ ಕಣ್ಣಿಗೆ ಸರಿಯಾಗಿ ಕುರ್ಚಿ ಎಳೆದು ಕೂರುವುದು. ಸಾವಾದ ಮನೆಯಲ್ಲಿ ದೇವರ ಚಿತ್ತವನ್ನು ವಿವರಿಸಲು ಹೋಗದಿರುವುದು. ಕೊನೆಯ ಎರಡು ಸಂಜೆ ಪ್ರಾರ್ಥನೆಗೆ. ದೊಡ್ಡ ಮಾತು ಬೇಡ, ರೋಗಿಯ ಹೆಸರು ಹಿಡಿದು, ಅವರು ಹೇಳಿಕೊಂಡ ಒಂದು ನೋವು ಹಿಡಿದು, ಮನೆಯಲ್ಲಿ ಆಡುವ ಭಾಷೆಯಲ್ಲೇ ನಾಲ್ಕು ವಾಕ್ಯ ಸಾಕು ಎಂದೆ. ತುಳುವಿನಲ್ಲಿ ಪ್ರಾರ್ಥಿಸಿದರೆ ಆಗುತ್ತದಾ ಎಂದು ಒಬ್ಬರು ಕೇಳಿದರು. ದೇವರಿಗೆ ತುಳು ಬರುವುದಿಲ್ಲವೆಂದು ಯಾರು ಹೇಳಿದರು ಎಂದೆ. ಮುಂದಿನ ವಾರದಿಂದ ಇಬ್ಬಿಬ್ಬರಾಗಿ ಮನೆಗಳಿಗೆ ಹೊರಟರು. ಮೊದಲ ಸಲ ನಾನು ಮಾಡಿದೆ, ಅವರು ನೋಡಿದರು. ಎರಡನೆಯ ಸಲ ಅವರು ಮಾಡಿದರು, ನಾನು ಜೊತೆಗಿದ್ದೆ. ಮೂರನೆಯ ಸಲಕ್ಕೆ ನಾನು ಹೋಗಲಿಲ್ಲ. ತಿಂಗಳ ಕೊನೆಯ ಬುಧವಾರ ಎಲ್ಲರೂ ಕೂತು ಹೇಳಿಕೊಳ್ಳುತ್ತಿದ್ದೆವು.

ಹೀಗೆ ಸಾಮಾನ್ಯರು ಕಲಿಯಬಲ್ಲರು ಎನ್ನುವುದಕ್ಕೆ ಪಕ್ಕದ ಕೇರಳವೇ ಸಾಕ್ಷಿ. ಕಲ್ಲಿಕೋಟೆ, ಮಲಪ್ಪುರಂ ಕಡೆ ಉಪಶಾಮಕ ಆರೈಕೆಯನ್ನು ವೈದ್ಯರು ಆಸ್ಪತ್ರೆಯೊಳಗೇ ಇಟ್ಟುಕೊಳ್ಳಲಿಲ್ಲ. ನೆರೆಹೊರೆಯವರನ್ನು ತರಬೇತುಗೊಳಿಸಿ ಮನೆಗಳಿಗೆ ಕಳಿಸಿದರು. ಮುಸ್ಲಿಮರು, ಹಿಂದೂಗಳು, ಕ್ರೈಸ್ತರು ಎಲ್ಲರೂ ಅದರಲ್ಲಿದ್ದಾರೆ. ನಮ್ಮ ಸಭೆಗಳು ಅವರಿಂದ ಕಲಿಯಲು ಸಂಕೋಚಪಡಬೇಕಿಲ್ಲ. ಗಾಯಾಳುವನ್ನು ಎತ್ತಿಕೊಂಡ ಸಮಾರ್ಯದವನನ್ನು ಯೇಸು ನಮಗೆ ಗುರುವಾಗಿ ನಿಲ್ಲಿಸಿದ್ದಾನಲ್ಲ.

ರೋಗಿಯ ಸೇವೆ ಒಂದು ಉದಾಹರಣೆ ಮಾತ್ರ. ನಿವೃತ್ತ ಗುಮಾಸ್ತರೊಬ್ಬರು ನಮ್ಮಲ್ಲಿದ್ದರು. ಪ್ರಸಂಗ ಮಾಡಲು ಎಷ್ಟು ಒತ್ತಾಯಿಸಿದರೂ ಒಪ್ಪುತ್ತಿರಲಿಲ್ಲ. ಅವರಿಗೆ ಅರ್ಜಿ ತುಂಬುವುದು ಗೊತ್ತಿತ್ತು. ಸಂಧ್ಯಾ ಸುರಕ್ಷಾ, ವಿಧವಾ ವೇತನದ ಕಾಗದ ಹಿಡಿದು ನಾಡಕಚೇರಿಯ ಮುಂದೆ ದಿಕ್ಕು ತೋಚದೆ ನಿಲ್ಲುವ ಮುದುಕರ ಜೊತೆ ಹೋಗುವುದೇ ಅವರ ಸೇವೆಯಾಯಿತು. ಅಪೊಲ್ಲೋಸನಂಥ ವಾಗ್ಮಿಗೆ ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ತಿಳಿಸಿಕೊಟ್ಟವರು ಡೇರೆ ಹೊಲಿಯುವ ಕಸುಬಿನ ಪ್ರಿಸ್ಕಿಲ್ಲ ಮತ್ತು ಅಕ್ವಿಲ ಎಂಬ ದಂಪತಿ. ಕಸುಬು ಮತ್ತು ಸೇವೆಯ ನಡುವೆ ಅವರು ಗೋಡೆ ಕಟ್ಟಲಿಲ್ಲ. ಪ್ರಾಮಾಣಿಕವಾಗಿ ಪಾಠ ಮಾಡುವ ಶಿಕ್ಷಕಿ, ಲಂಚ ಮುಟ್ಟದ ನೌಕರ, ತೂಕ ತಪ್ಪದ ಅಂಗಡಿಯವನು ಸೋಮವಾರದಿಂದ ಶನಿವಾರದವರೆಗೆ ಮಾಡುವುದೂ ದೇವರ ಸೇವೆಯೇ ಎಂದು ಭಾನುವಾರ ಬಾಯಿಬಿಟ್ಟು ಹೇಳುವುದು ನಾಯಕನ ಹೊಣೆ.

ಕಾಯಬೇಕಾದ ಎಲ್ಲೆಗಳು

ಗಂಟು ಹಾಕುವವನಿಗೆ ಎಲ್ಲೆಗಳೂ ಗೊತ್ತಿರಬೇಕು. ಸೇವೆ ಗಾಳವಾಗಬಾರದು. ಅಕ್ಕಿಯ ಚೀಲದ ಹಿಂದೆ ಷರತ್ತು ಬಂದರೆ ಕೊಟ್ಟವನೂ ಸಣ್ಣವನಾಗುತ್ತಾನೆ, ಪಡೆದವನೂ ಕುಗ್ಗುತ್ತಾನೆ. ನೆರೆಯವನು ಯಾವ ದೇವರಿಗೆ ಕೈಮುಗಿದರೂ ಅವನ ಹಸಿವು ಹಸಿವೇ. ನಂಬಿಕೆಯ ವಿಷಯವನ್ನು ಅವನಾಗಿ ಕೇಳಿದ ದಿನ ಮುಚ್ಚುಮರೆಯಿಲ್ಲದೆ ಹೇಳೋಣ. ಅವನ ಕಷ್ಟದ ದಿನವನ್ನು ಅದಕ್ಕೆ ಬಳಸಿಕೊಳ್ಳುವುದು ಬೇಡ.

ಹಾಸಿಗೆಯ ಪಕ್ಕ ಕೇಳಿದ ಮಾತು ಪ್ರಾರ್ಥನಾ ವಿನಂತಿಯ ಹೆಸರಿನಲ್ಲೂ ಹೊರಗೆ ಹೋಗಕೂಡದು. ಮಕ್ಕಳ ಜೊತೆ ಕೆಲಸ ಮಾಡುವವರು ಎಂದೂ ಒಬ್ಬರೇ ಇರಬಾರದು. ಔಷಧದ ಮಾತು ವೈದ್ಯರದ್ದು, ಪ್ರಾರ್ಥನೆ ಅದರ ಜಾಗಕ್ಕೆ ಬರುವುದಿಲ್ಲ. ಹೊಡೆತ ತಿನ್ನುವ ಹೆಂಗಸಿಗೆ ತಾಳ್ಮೆ ಬೋಧಿಸಿ ಮನೆಗೆ ಕಳಿಸಬಾರದು. ಈ ನಿಯಮಗಳನ್ನು ಬರೆದು, ಓದಿ, ಎಲ್ಲರಿಂದ ಒಪ್ಪಿಗೆ ಪಡೆದೇ ಕೆಲಸಕ್ಕೆ ಕಳಿಸಬೇಕು. ಪ್ರೀತಿಯಿದ್ದರೆ ನಿಯಮ ಯಾಕೆ ಎನ್ನುವವರಿಗೆ ನಾನು ಹೇಳುವುದಿಷ್ಟು: ಕೆಂಪಾದ ಚರ್ಮವನ್ನು ತಿಕ್ಕಿದ್ದೂ ಪ್ರೀತಿಯೇ.

ನಾಯಕನ ಮನಸ್ಸು

ಕೊನೆಗೆ ನಮ್ಮೊಳಗಿನ ಒಂದು ಭಯದ ಮಾತು. ಜನರು ಎಲ್ಲವನ್ನೂ ಕಲಿತರೆ ನಮಗೆ ಏನು ಉಳಿಯುತ್ತದೆ? ಅರಣ್ಯಕಾಂಡದಲ್ಲಿ ಎಲ್ದಾದ್, ಮೇದಾದ್ ಎಂಬ ಇಬ್ಬರು ಪಾಳೆಯದಲ್ಲೇ ಪ್ರವಾದಿಸತೊಡಗಿದಾಗ, ಅವರನ್ನು ತಡೆಯಬೇಕೆಂದು ಯೆಹೋಶುವನು ಮೋಶೆಯನ್ನು ಬೇಡಿಕೊಂಡ. ಅವನದು ಗುರುವಿನ ಮೇಲಿನ ಅಭಿಮಾನ. ಮೋಶೆಯೋ ದೇವಜನರೆಲ್ಲರೂ ಪ್ರವಾದಿಗಳಾದರೆ ಎಷ್ಟು ಒಳ್ಳೆಯದೆಂದು ಹಾರೈಸಿದ. ಒಬ್ಬನೇ ಕೂತು ನ್ಯಾಯ ತೀರಿಸುತ್ತಿದ್ದ ಅದೇ ಮೋಶೆ ಎಷ್ಟು ದೂರ ಬಂದಿದ್ದಾನೆ ನೋಡಿ. ಸ್ವಾಮಿಯೂ ಗುರುವೂ ಆದವನು ಕೊನೆಯ ರಾತ್ರಿ ಸೊಂಟಕ್ಕೆ ಕೈಪಾವುಡ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದನು, ನೀವೂ ಹಾಗೆ ಮಾಡಿ ಎಂದು ಮಾದರಿ ಕೊಟ್ಟನು. ತಾನು ಹೊರಟುಹೋಗುವವನೆಂದು ತಿಳಿದಿದ್ದ ನಾಯಕನ ಪಾಠ ಅದು.

ಮುಂದೆ ನನಗೆ ಬೇರೆ ಊರಿಗೆ ವರ್ಗವಾಯಿತು. ಕೆಲವು ತಿಂಗಳ ಮೇಲೆ ಒಂದು ಬೆಳಗ್ಗೆ ಆ ಅಜ್ಜಿಗೆ ತುಂಬಾ ಸೀರಿಯಸ್ ಎಂದು ಫೋನ್ ಬಂತು. ಸಿಕ್ಕಿದ ಬಸ್ಸು ಹತ್ತಿ ಹೊರಟೆ. ತಲುಪುವಷ್ಟರಲ್ಲಿ ಅಂಗಳದಲ್ಲಿ ಜನ ಸೇರಿದ್ದರು. ಒಳಗೆ ಅಜ್ಜಿಯ ಮುಖ ಒರೆಸಿ, ತಲೆ ಬಾಚಿ, ಬಿಳಿ ಸೀರೆ ಉಡಿಸಿ ಮಲಗಿಸಿದ್ದರು. ನರ್ಸ್ ಮಕ್ಕಳನ್ನು ಸಂತೈಸುತ್ತಿದ್ದರು. ಗುಮಾಸ್ತರು ಪಂಚಾಯತ್ ಕಾಗದದ ಕೆಲಸ ಹಿಡಿದಿದ್ದರು. ಬೀಡಿ ಕಟ್ಟುವ ಅಕ್ಕ ಎದ್ದು ಬಂದು ನನ್ನೆದುರು ನಿಂತರು.

“ಅಜ್ಜಿ ಕೊನೆಗೆ ಪ್ರಾರ್ಥನೆ ಕೇಳಿದರು ಅಯ್ಯನವರೇ. ನಿಮಗಾಗಿ ಕಾಯಲಿಕ್ಕೆ ಆಗಲಿಲ್ಲ. ನಾನೇ ಮಾಡಿದೆ.”

ನಾನು ಅವರಿಗೆ ಕೈಮುಗಿದೆ.

ಇಲ್ಲಿರುವ ಸಭಾಪಾಲಕರಲ್ಲಿ, ಹಿರಿಯರಲ್ಲಿ ನನ್ನ ಬೇಡಿಕೆ ಒಂದೇ. ಬರುವ ಭಾನುವಾರ ಆರಾಧನೆ ಮುಗಿದು ಜನ ಚದುರುವ ಮುಂಚೆ, ಬೇರೆ ಬೇರೆ ಬೆಂಚಿನಿಂದ ಇಬ್ಬರನ್ನು ಹೆಸರು ಹಿಡಿದು ಕರೆಯಿರಿ. ಅವರನ್ನು ಪರಸ್ಪರ ಪರಿಚಯಿಸಿ. ಆ ಮಧ್ಯಾಹ್ನ ನೀವು ಹೋಗಬೇಕಾದ ಮನೆಗೆ ಇಬ್ಬರನ್ನೂ ಕರೆದುಕೊಂಡು ಹೋಗಿ, ಮೂರನೆಯ ಸಲ ನೀವು ಬರುವುದಿಲ್ಲವೆಂದು ಮೊದಲೇ ಹೇಳಿ.